ಯಯಾತಿಯ ಸೊಸೆ ಎಲ್ಲಿಂದ ಬಂದಳು?

ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಅಸಂಗಿಯಂಥ ಊರಿನ ರಸಿಕನಿಗೆ ಒಂದು ಭಾಗ್ಯ ಹುಟ್ಟಿನಿಂದಲೇ ಬಂದಿರುತ್ತದೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ. ಒಂದು ದಿಕ್ಕಿಗೆ ವಿಜಯಪುರ, ಇನ್ನೊಂದು ದಿಕ್ಕಿಗೆ ಪಂಢರಪುರ. ರಾಮಾಯಣ, ಮಹಾಭಾರತಗಳು ಅವನ ಕಿವಿಗೆ ಎರಡು ಭಾಷೆಗಳಲ್ಲಿ ಬೀಳುತ್ತವೆ. ಒಂದೇ ಕಥೆಯನ್ನು ಇಬ್ಬರು ಹೇಳಿದಾಗ ಅದು ಒಂದೇ ಆಗಿ ಉಳಿಯುವುದಿಲ್ಲ ಎನ್ನುವುದನ್ನು ಅವನಿಗೆ ಯಾರೂ ಪಾಠ ಮಾಡಬೇಕಾಗಿಲ್ಲ. ಹಳೆಯ ಕಥೆಯನ್ನು ಹೊಸ ಕಾಲಕ್ಕೆ ತಂದು ಹೇಳುವ ನಾಟಕ, ಕಾದಂಬರಿ, ಸಿನಿಮಾಗಳನ್ನು ಸವಿಯಲು ಇದಕ್ಕಿಂತ ಒಳ್ಳೆಯ ತಯಾರಿ ಇಲ್ಲ.

ಈ ನೆಲದ ಇತಿಹಾಸವೂ ಅದಕ್ಕೆ ಒತ್ತಾಸೆಯಾಗಿದೆ. 1842ರಲ್ಲಿ ಉತ್ತರ ಕನ್ನಡದ ಕರ್ಕಿಯಿಂದ ಹೊರಟ ಭಾಗವತ ಮೇಳವೊಂದು ಸಾಂಗ್ಲಿಗೆ ಬಂದು ಆಟವಾಡಿತು. ಅದನ್ನು ಕಂಡ ಸಂಸ್ಥಾನದ ಅರಸ ಚಿಂತಾಮಣರಾವ್ ಪಟವರ್ಧನರು ಮರಾಠಿಯಲ್ಲೂ ಅಂಥದ್ದೊಂದು ಆಗಲಿ ಎಂದರು. ವಿಷ್ಣುದಾಸ ಭಾವೆ ಮರುವರ್ಷ ‘ಸೀತಾ ಸ್ವಯಂವರ’ವನ್ನು ರಂಗಕ್ಕೆ ತಂದರು. ಮರಾಠಿ ರಂಗಭೂಮಿ ತನ್ನ ಹುಟ್ಟನ್ನು ಇವತ್ತಿಗೂ ಆ 1843ರಿಂದಲೇ ಎಣಿಸುತ್ತದೆ. ಕನ್ನಡದ ಆಟ, ಸಂಸ್ಕೃತದ ಕಥೆ, ಮರಾಠಿಯ ಮಾತು ಮೂರೂ ಕೂಡಿದ್ದು ಜಿಲ್ಲೆಯ ಮುಖ್ಯ ಊರಿನಲ್ಲೇ.

ಹೊಸಬರು ಮೊದಲು ಬಿಡಬೇಕಾದದ್ದು ‘ಮೂಲದಲ್ಲಿ ಹೀಗಿಲ್ಲ’ ಎಂಬ ತಕರಾರು. ಮೂಲದಲ್ಲಿ ಹಾಗಿಲ್ಲದ ಜಾಗವೇ ರಸಿಕ ಕಣ್ಣಿಡಬೇಕಾದ ಜಾಗ. ಇದು ಇಂದು ನಿನ್ನೆಯ ಚಾಳಿಯೂ ಅಲ್ಲ. 941ರ ಹೊತ್ತಿಗೆ ಪಂಪ ‘ವಿಕ್ರಮಾರ್ಜುನ ವಿಜಯ’ ಬರೆದಾಗ ತನ್ನ ದೊರೆ ಅರಿಕೇಸರಿಯನ್ನೇ ಅರ್ಜುನನನ್ನಾಗಿ ಮಾಡಿದ. ಹಾಗೆ ಮಾಡಿದ ಮೇಲೆ ದ್ರೌಪದಿ ಐವರ ಹೆಂಡತಿಯಾಗಿ ಇರುವಂತಿಲ್ಲ. ಆಕೆ ಅರ್ಜುನನೊಬ್ಬನ ಮಡದಿಯಾದಳು. ಯುದ್ಧ ಮುಗಿದು ಪಟ್ಟಾಭಿಷೇಕವಾಗುವುದೂ ಧರ್ಮರಾಯನಿಗಲ್ಲ, ಅರ್ಜುನನಿಗೆ. ಇಡೀ ಮಹಾಭಾರತವನ್ನು ಹತ್ತನೆಯ ಶತಮಾನದ ಒಂದು ಆಸ್ಥಾನಕ್ಕೆ ಒಗ್ಗಿಸಿದ ಗಟ್ಟಿಗತನ ಅದು. ಕನ್ನಡದ ಆದಿಕವಿಗೆ ಸಲ್ಲುವ ಸ್ವಾತಂತ್ರ್ಯವನ್ನು ಇಂದಿನ ನಾಟಕಕಾರನಿಗೆ ಕೊಡಲು ಹಿಂದೆಮುಂದೆ ನೋಡಬೇಕಾಗಿಲ್ಲ.

ಹಾಗಂತ ಈ ಸ್ವಾತಂತ್ರ್ಯಕ್ಕೆ ವಿರೋಧವೇ ಇರಲಿಲ್ಲ ಎಂದಲ್ಲ. ಕುವೆಂಪು 1944ರಲ್ಲಿ ‘ಶೂದ್ರ ತಪಸ್ವಿ’ ಪ್ರಕಟಿಸಿದಾಗ ಶಂಬೂಕನ ಕಥೆಯ ತುದಿಯನ್ನೇ ತಿರುಗಿಸಿದ್ದರು. ಅಲ್ಲಿ ರಾಮನ ಬಾಣ ತಪಸ್ವಿಯನ್ನು ಕೊಲ್ಲುವುದಿಲ್ಲ; ಕೊನೆಗೆ ಕಣ್ಣು ತೆರೆಯುವುದು ದೂರು ತಂದ ಬ್ರಾಹ್ಮಣನಿಗೆ. ಪುರಾಣವನ್ನು ಇಷ್ಟು ಮಾರ್ಪಡಿಸುವುದು ಸರಿಯಲ್ಲವೆಂದು ಮಾಸ್ತಿ ಆಕ್ಷೇಪಿಸಿದರು. ಕುವೆಂಪು ಮುಂದೆ ‘ಬೆರಳ್‌ಗೆ ಕೊರಳ್’ ನಾಟಕದ ಮುನ್ನುಡಿಯಲ್ಲಿ ಅದಕ್ಕೆ ಉತ್ತರ ಕೊಟ್ಟರು. ಎರಡೂ ಕಡೆಯ ವಾದದಲ್ಲಿ ಹುರುಳಿದೆ, ಆದರೆ ಕಾಲ ಕುವೆಂಪು ಅವರ ಪಕ್ಷ ವಹಿಸಿತು. ರಾಮನ ಕೈಯಲ್ಲಿ ಶಂಬೂಕ ಸತ್ತದ್ದನ್ನು ತಲೆತಗ್ಗಿಸಿ ಕೇಳುತ್ತ ಬಂದವರಿಗೆ ಆ ತಿರುವು ಬೇಕೇ ಬೇಕಾಗಿತ್ತು.

ಅಸಂಗಿಯ ಕಡೆಯ ಓದುಗನಿಗೆ ಹೇಳಿ ಮಾಡಿಸಿದ ಪಾಠ ಯಯಾತಿಯದು. ವಿ. ಸ. ಖಾಂಡೇಕರ್ ಹುಟ್ಟಿದ್ದು ಸಾಂಗ್ಲಿಯಲ್ಲಿ, 1898ರಲ್ಲಿ. ಅವರ ಮರಾಠಿ ಕಾದಂಬರಿ ‘ಯಯಾತಿ’ 1959ರಲ್ಲಿ ಹೊರಬಂತು. ಅದು ಕನ್ನಡಕ್ಕೂ ಬಂದಿದೆ. ಅದರ ಬೆನ್ನಿಗೇ 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ಗಿರೀಶ ಕಾರ್ನಾಡರ ಮೊದಲ ನಾಟಕವನ್ನು ಪ್ರಕಟಿಸಿತು. ಅದರ ಹೆಸರೂ ‘ಯಯಾತಿ’. ಮಾಗಿದ ವಯಸ್ಸಿನ ಒಬ್ಬ ಕಾದಂಬರಿಕಾರ, ಇಪ್ಪತ್ತು ದಾಟಿದ ಒಬ್ಬ ತರುಣ, ಎರಡೇ ವರ್ಷಗಳ ಅಂತರದಲ್ಲಿ ಅದೇ ಕಥೆಗೆ ಕೈಹಾಕಿದ್ದರು.

ಮೂಲಕಥೆ ಚಿಕ್ಕದು. ಹೆಂಡತಿ ದೇವಯಾನಿ ಇರುವಾಗಲೇ ಮಾಡಿದ ಶರ್ಮಿಷ್ಠೆಯ ಸಂಗಕ್ಕಾಗಿ ಯಯಾತಿಗೆ ಮಾವ ಶುಕ್ರಾಚಾರ್ಯನ ಶಾಪ ತಗಲುತ್ತದೆ, ಮುಪ್ಪು ಆವರಿಸುತ್ತದೆ. ಯಾರಾದರೂ ಅದನ್ನು ಹೊತ್ತರೆ ಯೌವನ ಮರಳೀತು. ನಾಲ್ವರು ಮಕ್ಕಳು ಒಲ್ಲೆ ಅನ್ನುತ್ತಾರೆ. ಕಿರಿಯ ಪೂರು ಒಪ್ಪುತ್ತಾನೆ. ಸಾವಿರ ವರ್ಷ ಸುಖಪಟ್ಟ ಯಯಾತಿ ಯೌವನ ಹಿಂತಿರುಗಿಸಿ, ಮಗನಿಗೆ ಪಟ್ಟ ಕಟ್ಟಿ ಕಾಡಿಗೆ ಹೋಗುತ್ತಾನೆ. ಪಿತೃಭಕ್ತಿಯ ಕಥೆಯೆಂದೇ ತಲೆಮಾರುಗಳು ಇದನ್ನು ಕೇಳಿದವು.

ಖಾಂಡೇಕರರು ಅದನ್ನು ಭೋಗದ ಕಥೆಯಾಗಿಸಿದರು. ಯಯಾತಿ, ದೇವಯಾನಿ, ಶರ್ಮಿಷ್ಠೆ ಮೂವರೂ ತಮ್ಮ ತಮ್ಮ ಬಾಯಿಂದ ಹೇಳಿಕೊಳ್ಳುತ್ತಾರೆ. ಪುರಾಣದಲ್ಲಿ ಸಂಜೀವಿನಿ ಕಲಿತು ಮರೆಯಾಗುವ ಕಚನನ್ನು ಮರಳಿ ತಂದು, ಸಂಯಮದ ಆಳನ್ನಾಗಿ ಯಯಾತಿಯ ಎದುರಿಗೆ ನಿಲ್ಲಿಸಿದರು. ಎಷ್ಟು ಉಂಡರೂ ಹಸಿವು ಹಿಂಗದ ಇಂದಿನ ಮನುಷ್ಯ ಅವರ ಕಣ್ಣಮುಂದಿದ್ದ.

ಕಾರ್ನಾಡರು ನೋಡಿದ್ದು ಬೇರೆ ಕಡೆಗೆ. ತಂದೆಯ ಮುಪ್ಪನ್ನು ಹೊತ್ತ ಮಗನಿಗೆ ಹೆಂಡತಿ ಇದ್ದಿದ್ದರೆ? ಮೂಲದ ಆ ಪ್ರಸಂಗದಲ್ಲಿ ಅವಳಿಗೆ ಮಾತೇ ಇಲ್ಲ. ಕಾರ್ನಾಡರು ಅವಳಿಗೆ ಚಿತ್ರಲೇಖೆ ಎಂಬ ಹೆಸರು ಕೊಟ್ಟು, ಹೊಸ ಸೊಸೆಯಾಗಿ ಮನೆ ತುಂಬಿಸಿದರು. ಮುದುಕನಾಗಿ ಬಂದ ಗಂಡನನ್ನು ಕಂಡು ಅವಳು ಬೆಚ್ಚುತ್ತಾಳೆ. ಆಮೇಲೆ ಮಾವನನ್ನೇ ಕೇಳುತ್ತಾಳೆ: ಗಂಡನ ಯೌವನ ತೆಗೆದುಕೊಂಡ ಮೇಲೆ ಅದರ ಜೊತೆಗೆ ಬಂದ ತನ್ನನ್ನೂ ಒಪ್ಪಿಕೊಳ್ಳಬೇಕಲ್ಲವೇ? ತ್ಯಾಗದ ಹಿರಿಮೆಯನ್ನು ಅವಳಿಗೆ ಬೋಧಿಸುತ್ತಿದ್ದ ಯಯಾತಿ ಅಲ್ಲಿ ತತ್ತರಿಸುತ್ತಾನೆ. ಚಿತ್ರಲೇಖೆ ವಿಷ ಕುಡಿಯುತ್ತಾಳೆ. ಪುರಾಣದ ಸಾವಿರ ವರ್ಷ ಇಲ್ಲಿ ಒಂದು ರಾತ್ರಿಗೆ ಇಳಿಯುತ್ತದೆ. ಯಯಾತಿ ತನ್ನ ಮುಪ್ಪನ್ನು ಮರಳಿ ಪಡೆಯುತ್ತಾನೆ. ಅರಮನೆ ಅದೇ, ಶಾಪವೂ ಅದೇ. ಆದರೆ ಮಕ್ಕಳ ಬದುಕನ್ನು ಹಿರಿಯರು ಬಳಸಿಕೊಳ್ಳುವ ಎಲ್ಲ ಮನೆಗಳಿಗೂ ಆ ಪ್ರಶ್ನೆ ತಾಗುತ್ತದೆ. ಕನ್ನಡದಲ್ಲಿ ಪುರಾಣವನ್ನು ಇಷ್ಟು ಹರಿತವಾಗಿ ಕೊಯ್ದ ಮೊದಲ ನಾಟಕ ಬೇರೆ ಯಾವುದಿದ್ದರೂ, ಹೊಸ ಓದುಗರ ಕೈಗೆ ಮೊದಲು ಇಡಬೇಕಾದದ್ದು ಇದೇ. ಒಂದೇ ಸಲ ಕೂತು ಓದಿ ಮುಗಿಸಬಹುದು. ಖಾಂಡೇಕರರನ್ನು ಅದರ ನಂತರ ಓದಿದರೆ ಎರಡೂ ಇನ್ನಷ್ಟು ಬಿಚ್ಚಿಕೊಳ್ಳುತ್ತವೆ.

ವೇಷವನ್ನೂ ಬದಲಿಸುವ ಜಾತಿ ಇನ್ನೊಂದು. ಶ್ಯಾಮ್ ಬೆನಗಲ್ ಅವರ ಹಿಂದಿ ಚಿತ್ರ ‘ಕಲಿಯುಗ್’ 1981ರದು. ಚಿತ್ರಕಥೆಯಲ್ಲಿ ಕಾರ್ನಾಡರ ಕೈಯಿದೆ. ಕುರುಕ್ಷೇತ್ರ ಅಲ್ಲಿ ಮುಂಬಯಿ, ದಾಯಾದಿಗಳು ಕಾರ್ಖಾನೆಯ ಒಡೆಯರು. ಕರ್ಣ ಶಶಿ ಕಪೂರ್, ಅರ್ಜುನ ನಮ್ಮ ಅನಂತನಾಗ್, ದ್ರೌಪದಿ ರೇಖಾ. ಇಂಥ ಚಿತ್ರ ನೋಡುವಾಗ ಯಾರು ಯಾರೆಂದು ಗುರುತಿಸುವ ಆಟ ಹತ್ತು ನಿಮಿಷಕ್ಕೆ ಮುಗಿಯುತ್ತದೆ. ಅಲ್ಲಿಂದಾಚೆ ಗಮನಿಸಬೇಕಾದದ್ದು ಪವಾಡಗಳಿಗೆ ಏನು ಗತಿಯಾಯಿತು ಎನ್ನುವುದನ್ನು. ವಸ್ತ್ರಾಪಹರಣ ಇಲ್ಲಿ ತೆರಿಗೆ ದಾಳಿಯಾಗುತ್ತದೆ: ಅಧಿಕಾರಿಗಳು ಮನೆ ಹೊಕ್ಕು, ಹೆಣ್ಣುಮಗಳ ಕಪಾಟು ತೆರೆದು ಉಡುಪುಗಳನ್ನು ಎಳೆದು ಹಾಕುತ್ತಾರೆ. ಸೀರೆ ಕೊಡಲು ಯಾರೂ ಬರುವುದಿಲ್ಲ. ಮಣಿರತ್ನಂ ಅವರ ‘ದಳಪತಿ’ಯಲ್ಲಿ (1991) ಗಂಗೆಯ ಬದಲು ಗೂಡ್ಸ್ ರೈಲು ಕೂಸನ್ನು ಹೊತ್ತೊಯ್ಯುತ್ತದೆ. ಆದರೆ ಕೊನೆಯಲ್ಲಿ ದುರ್ಯೋಧನ ಸಾಯುತ್ತಾನೆ, ಕರ್ಣ ಉಳಿಯುತ್ತಾನೆ. ಭಾರತ ಕೇಳಿದವರೆಲ್ಲ ಕರ್ಣನಿಗಾಗಿ ಮರುಗಿದವರೇ ಆದ್ದರಿಂದ ಆ ಬದಲಾವಣೆ ಮನಸ್ಸಿಗೆ ಹಿತ. ಕಥೆಯ ಬಿಗಿ ಮಾತ್ರ ಅಲ್ಲಿ ಕೊಂಚ ಸಡಿಲಿತು.

ಭೈರಪ್ಪನವರ ‘ಪರ್ವ’ (1979) ಇದೇ ದಾರಿಯ ದೊಡ್ಡ ಸಾಹಸ. ವರ, ಶಾಪ, ಅವತಾರಗಳನ್ನು ಕಳಚಿ, ದಣಿದ ಮೈಯ ಮನುಷ್ಯರನ್ನು ಮಾತ್ರ ಉಳಿಸಿಕೊಂಡ ಕಾದಂಬರಿ ಅದು. ಆದರೆ ಆರಂಭಕ್ಕೆ ಬೇಡ. ಕುಂತಿ, ದ್ರೌಪದಿಯರ ನೆನಪುಗಳು ಪುಟಗಟ್ಟಲೆ ಹರಿಯುವಾಗ ಮೂಲಕಥೆ ನಾಲಿಗೆಯ ಮೇಲಿರಬೇಕು.

ಪುಸ್ತಕ ಹಿಡಿಯಲು ಒಲ್ಲದವರಿಗೆ ಬಯಲಾಟವಿದೆ. ಗಡಿಯಿಂದ ಕರ್ನಾಟಕದ ಕಡೆಗಿನ ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೀಮೆಯ ‘ಶ್ರೀಕೃಷ್ಣ ಪಾರಿಜಾತ’ಕ್ಕೆ ಕುಲಗೋಡ ತಮ್ಮಣ್ಣನ ಹೆಸರು ಅಂಟಿಕೊಂಡಿದೆ, ಕೌಜಲಗಿ ನಿಂಗಮ್ಮನಂಥ ಕಲಾವಿದೆ ಅದನ್ನು ಮನೆಮಾತಾಗಿಸಿದಳು. ನಾರದ ತಂದ ಹೂವು ರುಕ್ಮಿಣಿಯ ಪಾಲಾಗುತ್ತದೆ, ಸತ್ಯಭಾಮೆ ಸಿಡಿದೇಳುತ್ತಾಳೆ. ಕಥೆ ಇಷ್ಟೇ. ಆದರೆ ಅವಳ ಸಿಟ್ಟು ಬರುವುದು ಉತ್ತರ ಕರ್ನಾಟಕದ ಆಡುಮಾತಿನಲ್ಲಿ, ಸವತಿಯ ಸಂಕಟ ಕಂಡ ಮನೆಯ ಮಾತಿನಲ್ಲಿ. ನಡುವೆ ಭಾಗವತ ಅವಳನ್ನು ತಡೆದು ಕೆಣಕುತ್ತಾನೆ, ದೂತಿ ಅವನಿಗೆ ಎದುರಾಡುತ್ತಾಳೆ. ದ್ವಾರಕೆಯ ಮಾತಿನ ಮಧ್ಯೆ ಆ ವರ್ಷದ ಬೆಲೆ, ಬರ, ಪಂಚಾಯ್ತಿ ಎಲ್ಲ ನುಸುಳುತ್ತವೆ. ಮರಾಠಿ ತಮಾಶಾದ ಗವಳಣದಲ್ಲಿ ಮಥುರೆಯ ಸಂತೆಗೆ ಹಾಲು ಹೊತ್ತ ಗೋಪಿಯರನ್ನು ಕೃಷ್ಣ ಅಡ್ಡಗಟ್ಟುವಾಗಲೂ ಇದೇ ಚಮತ್ಕಾರ ನಡೆಯುತ್ತದೆ. ಎರಡನ್ನೂ ನೋಡಬಲ್ಲ ಗಡಿಯವರು ಹೋಲಿಸಿ ನೋಡಬೇಕು. ಪಾರಿಜಾತಕ್ಕೆ ಹೋಗುವವರು ಗಣಪತಿ ಸ್ತುತಿಗೂ ಮೊದಲೇ ಸೇರಿ, ಊರಿನ ಹಿರಿಯರ ಪಕ್ಕ ಜಾಗ ಹಿಡಿಯುವುದು ಲೇಸು. ಯಾವ ಮಾತು ಹಳೆಯ ಪಾಠದ್ದು, ಯಾವುದು ಆ ರಾತ್ರಿ ಆ ಊರಿಗಾಗಿಯೇ ಹುಟ್ಟಿದ್ದು ಎಂದು ಅವರು ತಟ್ಟನೆ ಹೇಳುತ್ತಾರೆ.