ಬೆಚ್ಚಗಿಡುವುದು ನೀರಲ್ಲ, ಗುಳ್ಳೆ

ಮೇ ಬಂತೆಂದರೆ ಸಸಿಹಿತ್ಲುವಿಗೆ ಹೊರಡುವ ಮುಂಬಯಿ ಹುಡುಗರು ಮೊದಲು ಕೇಳುವುದು ವೆಟ್‌ಸೂಟಿನ ಬೆಲೆ. ಬೇಡವೇ ಬೇಡ ಎಂದರೆ ಮುಖ ಸಣ್ಣದಾಗುತ್ತದೆ. ಕರಿ ಸೂಟಿಲ್ಲದೆ ಸರ್ಫಿಂಗ್ ಏನು ಚೆಂದ! ಆದರೆ ಶಾಂಭವಿ, ನಂದಿನಿ ಕಡಲು ಸೇರುವ ಆ ತೀರದಲ್ಲಿ ನೀರೇ ಸುಮಾರು 30 ಡಿಗ್ರಿ. 2024ರ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆದದ್ದು ಅಲ್ಲೇ. ತೆಳು ರ‍್ಯಾಶ್‌ಗಾರ್ಡ್ ಸಾಕಾಗುವ ನೀರು ಅದು.

ಈಚೆಗೆ ಗೆಳೆಯನೊಬ್ಬ ಹೊಲಿಗೆ ಬಿಟ್ಟ ಸೂಟು ತಂದಿದ್ದ, ಸ್ಯಾಂಟಾ ಕ್ರೂಜಿನಿಂದ (ನಮ್ಮ ಸಾಂತಾಕ್ರೂಜ್ ಅಲ್ಲ, ಕ್ಯಾಲಿಫೋರ್ನಿಯಾದ್ದು). ಧಾರಾವಿಯ 90 ಫೀಟ್ ರೋಡಿನ ಹಿಂದಿನ ಗಲ್ಲಿಗೆ ಒಯ್ದೆವು. ಕಲಬುರಗಿ ಕಡೆಯ ಟೇಲರ್ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ನೀರು ಒಳಗ ಬರ್ತದಂತೀರಿ, ಮತ್ತ ಮೈ ಬೆಚ್ಚಗ ಹ್ಯಾಂಗ ಇಡ್ತದ್ರೀ ಸರ?" ಎಂದರು.

ಒಳಗೆ ನುಗ್ಗಿದ ನೀರು ಮೈಕಾವಿಗೆ ಬಿಸಿಯಾಗಿ ಕಂಬಳಿಯಂತೆ ಕಾಯುತ್ತದೆ ಎಂಬುದು ಸರ್ಫರುಗಳೇ ಹೇಳಿಕೊಂಡು ಬಂದ ಮಾತು. ಅರೆಸತ್ಯ. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ಅದು ಕಂಬಳಿಯಾಗುವುದೆಲ್ಲಿಂದ ಬಂತು? ಕಾಯುವುದು ನಿಯೋಪ್ರೀನ್ ರಬ್ಬರಿನೊಳಗೆ ಸಿಕ್ಕಿಬಿದ್ದ ಅನಿಲದ ಗುಳ್ಳೆಗಳು. 1950ರ ದಶಕದ ಆರಂಭದಲ್ಲಿ ಬರ್ಕ್ಲಿಯ ಭೌತವಿಜ್ಞಾನಿ ಹ್ಯೂ ಬ್ರ್ಯಾಡ್ನರ್ ಕಂಡುಕೊಂಡದ್ದು ಇದನ್ನೇ: ಗುಳ್ಳೆ ಉಡುಪಿನಲ್ಲಿದ್ದರೆ ಮೈ ಒದ್ದೆಯಾದರೂ ಚಿಂತೆಯಿಲ್ಲ. ಒಳಗಿನ ನೀರು ಅಲ್ಲಾಡದೆ ನಿಂತರಾಯಿತು. ಸೂಟು ಸಡಿಲವಾದರೆ ಪ್ರತಿ ಅಲೆಗೂ ಬೆಚ್ಚನೆಯ ನೀರು ಹೋಗಿ ತಣ್ಣೀರು ಬರುತ್ತದೆ.

ಮೈ ಒಂದೇ ಸಮ ತಣಿಯುವುದೂ ಇಲ್ಲ. ಬೋರ್ಡಿನ ಮೇಲೆ ಅಲೆ ಕಾಯುತ್ತ ಕೂತಾಗ ಕಾಲು ನೀರಿನಲ್ಲಿ, ಎದೆ ಬೆನ್ನು ಗಾಳಿಯಲ್ಲಿ. ಸೂಟಿನ ಹೊರಮೈ ಆರುತ್ತ ಆರುತ್ತ ಶಾಖ ಕಸಿಯುತ್ತದೆ. ಕೈಬೀಸಿ ಹೊರಟರೆ ಸ್ನಾಯುಗಳೇ ಕಾವು ಹುಟ್ಟಿಸುತ್ತವೆ. ಮುಂಡಕ್ಕೆ 3 ಮಿಲಿಮೀಟರ್, ಕೈಕಾಲಿಗೆ 2 ಇರುವ ಸೂಟನ್ನು ಸಸಿಹಿತ್ಲುವಿನಲ್ಲಿ ತೊಟ್ಟು ನೋಡಿ: ಆ ಕಾವಿಗೆ ದಾರಿಯಿಲ್ಲ, ದಡಕ್ಕೆ ಬಂದರೆ ಬೆವರೂ ಆರದು, ತಲೆ ಸುತ್ತೀತು.

ನಮ್ಮ ಟೇಲರ್ ಹೊಲಿಯಲು ಒಪ್ಪಲಿಲ್ಲ. "ನಮ್ಮ ಮಷಿನ್ ಸೂಜಿ ಆರಪಾರ ಹೋಗ್ತದ್ರೀ. ಎಷ್ಟು ಹೊಲಿಗಿ ಅಷ್ಟು ತೂತು." ತಣ್ಣೀರಿನ ಸೂಟು ಮಾಡುವವರೂ ಇದಕ್ಕೇ ಹೆದರುತ್ತಾರೆ, ಅಂಚುಗಳನ್ನು ಮೊದಲು ಅಂಟಿಸಿ, ಆಮೇಲೆ ಬಾಗಿದ ಸೂಜಿಯಲ್ಲಿ ಅರ್ಧ ದಪ್ಪಕ್ಕಷ್ಟೇ ಹೊಲಿಯುತ್ತಾರೆ. ಪಕ್ಕದ ಚರ್ಮದ ಬ್ಯಾಗಿನ ಕಾರ್ಖಾನೆಯಿಂದ ಟೇಲರ್ ಸಲ್ಯೂಷನ್ ತರಿಸಿದರು. ಚರ್ಮ ಕೂಡಿಸುವ ಇಂಥ ಅಂಟುಗಳಲ್ಲಿ ಎಷ್ಟೋ ಪಾಲಿಕ್ಲೋರೋಪ್ರೀನಿನವು, ಅಂದರೆ ಸೂಟಿನ ರಬ್ಬರಿನ ಕುಲದವೇ. ಎರಡೂ ಅಂಚಿಗೆ ಸವರಿ, ಆರಲು ಬಿಟ್ಟು, ಹೆಬ್ಬೆರಳಿನಿಂದ ಒತ್ತುತ್ತ ಹೋದರು. ಕ್ಯಾಲಿಫೋರ್ನಿಯಾದ 13 ಡಿಗ್ರಿ ನೀರಿಗೆ ಅದು ತಡೆದೀತೇ ಎಂದು ಗೆಳೆಯನಿಗೆ ಅನುಮಾನ. ನನಗಿಲ್ಲ.