ಪರಊರಿನವರಿಗೆ ಬರೆದ ಕಾಗದ

ಕನ್ನಡ ಬೈಬಲಿನ ಕೊನೆಯ ಭಾಗದಲ್ಲಿ ಐದೇ ಅಧ್ಯಾಯದ ಒಂದು ಕಾಗದ ಇದೆ. ಹಳೆಯ ಅನುವಾದದಲ್ಲಿ ಅದರ ಹೆಸರು ‘ಪೇತ್ರನು ಬರೆದ ಮೊದಲನೆಯ ಪತ್ರಿಕೆ’. ನಿಧಾನವಾಗಿ ಓದಿದರೂ ಅರ್ಧ ಗಂಟೆ ಸಾಕು. ಕ್ರೈಸ್ತರು ಇದನ್ನು ದೇವರ ವಾಕ್ಯ ಅಂತ ಓದುತ್ತಾರೆ. ನಾನು ಇದನ್ನು ಒಂದು ಕನ್ನಡ ಬರಹ ಅಂತ, ವಚನಗಳನ್ನೋ ದಾಸರ ಪದಗಳನ್ನೋ ಓದುವ ಹಾಗೆ ಓದಿದೆ. ಶುದ್ಧವಾಗಿ ಬಾಳುವುದು, ನಿರೀಕ್ಷೆ ಕಳೆದುಕೊಳ್ಳದೆ ಇರುವುದು, ಒಬ್ಬರಿಗೊಬ್ಬರು ಆಗಿ ಬದುಕುವುದು: ಈ ಮೂರು ಮಾತನ್ನು ಇಷ್ಟು ಚಿಕ್ಕ ಜಾಗದಲ್ಲಿ ಒಟ್ಟಿಗೆ ಹೇಳಿದ ಬರಹ ಕಡಿಮೆ. ಆ ಮಾತು ಕನ್ನಡದಲ್ಲಿ ನಮ್ಮ ಕಿವಿಗೆ ಹೇಗೆ ಬೀಳುತ್ತದೆ, ಎಲ್ಲಿ ಮನಸ್ಸಿಗೆ ಮುಟ್ಟುತ್ತದೆ, ಎಲ್ಲಿ ದಾರಿ ತಪ್ಪುತ್ತದೆ ಅನ್ನೋದನ್ನ ನೋಡೋಣ.

ಮೊದಲು ಇದು ಯಾರಿಗೆ ಬರೆದದ್ದು? ಪೊಂತ, ಗಲಾತ್ಯ, ಕಪ್ಪದೋಕ್ಯ, ಆಸ್ಯ, ಬಿಥೂನ್ಯ ಎಂಬ ಐದು ಸೀಮೆಗಳಲ್ಲಿ ಚದುರಿಹೋಗಿದ್ದ ಜನಕ್ಕೆ. ಇವೆಲ್ಲ ಈಗಿನ ಟರ್ಕಿ ದೇಶದೊಳಗೆ ಬರುತ್ತವೆ. ಆಗ ರೋಮ್ ಸಾಮ್ರಾಜ್ಯದ ಆಳ್ವಿಕೆ. ಯೇಸುವಿನ ಶಿಷ್ಯ ಪೇತ್ರನೇ ಬರೆದನೋ, ಅವನ ಹೆಸರಿನಲ್ಲಿ ಇನ್ನೊಬ್ಬರು ಬರೆದರೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯ ಇದೆ. ಬರೆದವರು ಯಾರೇ ಆಗಲಿ, ಓದುವವರ ಕಷ್ಟ ಅವರಿಗೆ ಗೊತ್ತಿತ್ತು. ಅಕ್ಕಪಕ್ಕದವರು ಆಡಿಕೊಳ್ಳುತ್ತಿದ್ದರು, ಅನುಮಾನದಿಂದ ನೋಡುತ್ತಿದ್ದರು, ಹಳೆಯ ಗೆಳೆಯರು ದೂರವಾಗಿದ್ದರು. ಅಂಥವರಿಗೆ ಧೈರ್ಯ ಹೇಳುವ ಕಾಗದ ಇದು.

ಇನ್ನು ಕನ್ನಡದ ವಿಷಯ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಕನ್ನಡ ಕಲಿತು, ಬೈಬಲ್ ಅನುವಾದಕ್ಕೆ ಕೈಹಾಕಿದರು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಬಂತು. ಆಮೇಲೆ ಹಲವರು ಸೇರಿ ಅದನ್ನು ತಿದ್ದಿದರು. ಚರ್ಚುಗಳಲ್ಲಿ ಬಹಳ ಕಾಲದಿಂದ ಓದುತ್ತಿರುವ ‘ಸತ್ಯವೇದ’ ಹೀಗೆ ತಿದ್ದುತ್ತಾ ಬಂದದ್ದು. ಅದರ ಕನ್ನಡಕ್ಕೆ ಒಂದು ಗಾಂಭೀರ್ಯ ಇದೆ, ಗಟ್ಟಿಯಾಗಿ ಓದಿದರೆ ಇಂಪಾಗಿದೆ. ಆದರೆ ಪದಗಳೂ ಮನುಷ್ಯರ ಹಾಗೆ ವಯಸ್ಸಾಗುತ್ತವೆ. ‘ಪತ್ರಿಕೆ’ ಅಂದರೆ ಇವತ್ತು ನಮ್ಮ ಮಕ್ಕಳಿಗೆ ದಿನಪತ್ರಿಕೆ, ಇಲ್ಲವೇ ಲಗ್ನಪತ್ರಿಕೆ. ಹೊಸ ಅನುವಾದಗಳಲ್ಲಿ ‘ಪತ್ರ’ ಅಂತ ಮಾಡಿದ್ದು ಒಳ್ಳೆಯದೇ ಆಯಿತು.

ಅದಕ್ಕಿಂತ ದೊಡ್ಡ ತೊಡಕು ‘ಪ್ರವಾಸಿಗಳು’ ಎಂಬ ಪದದ್ದು. ಹಳೆಯ ಅನುವಾದ ಈ ಓದುಗರನ್ನು ಕರೆಯುವುದು ಹಾಗೆ. ಈಗ ಪ್ರವಾಸಿ ಅಂದರೆ ಊಟಿಗೆ ಹೋಗಿ ಫೋಟೋ ತೆಗೆಸಿಕೊಂಡು ಬರುವವನು. ಗ್ರೀಕ್ ಮೂಲದಲ್ಲಿ ಎರಡು ಪದಗಳಿವೆ. ಅದರಲ್ಲಿ ‘ಪರೊಯ್ಕೊಸ್’ ಅನ್ನೋದು, ಒಂದು ಊರಲ್ಲಿ ಮನೆ ಮಾಡಿಕೊಂಡು ದುಡಿಯುತ್ತಾ ಇದ್ದರೂ ಆ ಊರಿನ ಪೌರ ಹಕ್ಕು ಇಲ್ಲದವನಿಗೆ ಹೇಳುವ ಮಾತು. ಅವನು ಸುತ್ತಾಡಲು ಬಂದವನಲ್ಲ. ಇದ್ದೂ ಹೊರಗಿನವನು. ಇಂಗ್ಲಿಷಿನಲ್ಲಿ ಚರ್ಚಿನ ಸೀಮೆಗೆ ‘ಪ್ಯಾರಿಷ್’ ಅನ್ನುತ್ತಾರಲ್ಲ, ಅದು ಹುಟ್ಟಿದ್ದೂ ಇದೇ ಬೇರಿನಿಂದ. ಒಂದು ಊರಿನ ಕ್ರೈಸ್ತರ ಗುಂಪಿಗೆ ‘ಹೊರಗಿನವರ ವಸತಿ’ ಎಂಬ ಅರ್ಥದ ಹೆಸರು!

ಹೊಸೂರು ಸೀಮೆಯವರಿಗೆ ಈ ಪದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಿಪ್‌ಕಾಟ್ ಕಾರ್ಖಾನೆಗಳಿಗೆ ಬಿಹಾರ, ಒಡಿಶಾ ಕಡೆಯಿಂದ ಬಂದ ಹುಡುಗರು ಒಂದೊಂದು ಕೋಣೆಯಲ್ಲಿ ಐದಾರು ಜನ ಇರುತ್ತಾರೆ. ಎಷ್ಟು ವರ್ಷ ಇದ್ದರೂ ‘ನಿಮ್ಮದು ಯಾವ ಊರು’ ಅನ್ನುವ ಪ್ರಶ್ನೆ ತಪ್ಪುವುದಿಲ್ಲ. ನಮ್ಮದೇ ಕಥೆಯೂ ಸ್ವಲ್ಪ ಹಾಗೇ. 1956ರಲ್ಲಿ ಭಾಷೆಯ ಮೇಲೆ ರಾಜ್ಯಗಳ ಗೆರೆ ಎಳೆದಾಗ ಹೊಸೂರು ಮದ್ರಾಸಿನಲ್ಲೇ ಉಳಿಯಿತು. ಮನೆಯಲ್ಲಿ ಕನ್ನಡ ಆಡುವವರು ಎಲ್ಲಿಗೂ ಹೋಗಲಿಲ್ಲ, ಇದ್ದ ಜಾಗದಲ್ಲೇ ಇದ್ದು ಗಡಿಯವರಾದರು. ಆದ್ದರಿಂದ ‘ಪ್ರವಾಸಿಗಳೇ’ ಅನ್ನುವ ಬದಲು ‘ಪರಊರಿನವರೇ’ ಅಂತ ಓದಿಕೊಂಡರೆ ಈ ಕಾಗದ ನಮ್ಮ ಬಾಗಿಲಿಗೇ ಬಂದ ಹಾಗೆ ಆಗುತ್ತದೆ.

ಈಗ ಮೊದಲನೆಯ ಮಾತು, ಪರಿಶುದ್ಧತೆ. ಅಗ್ರಹಾರ ಎಂಬ ಹೆಸರಿರುವ ಊರಿನವರಿಗೆ ಇದನ್ನು ಕೇಳಿದ ತಕ್ಷಣ ನೆನಪಾಗುವುದು ಮಡಿ. ಸ್ನಾನ ಮಾಡಿ, ಒಗೆದ ಬಟ್ಟೆ ಉಟ್ಟು, ಯಾರನ್ನೂ ಮುಟ್ಟದೆ ಇರುವುದು. ಮಡಿಯಲ್ಲಿ ಶ್ರದ್ಧೆ ಇದೆ, ಅಚ್ಚುಕಟ್ಟು ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಅದಕ್ಕೆ ದೂರ ಬೇಕು. ಬಟ್ಟೆ ಒಗೆದು ಮಡಿ ಮಾಡಿಕೊಟ್ಟ ಮಡಿವಾಳನೇ ಮಡಿಯವರಿಂದ ದೂರ ನಿಲ್ಲಬೇಕಾಗಿತ್ತು. ಹನ್ನೆರಡನೆಯ ಶತಮಾನದ ಶರಣರು ಮಡಿವಾಳ ಮಾಚಯ್ಯನನ್ನು ತಮ್ಮ ನಡುವೆ ಕೂರಿಸಿಕೊಂಡದ್ದು ಇದಕ್ಕೆ ಕೊಟ್ಟ ಉತ್ತರ. ನಮ್ಮ ಊರಿನಲ್ಲಿ 1878ರಲ್ಲಿ ಹುಟ್ಟಿದ ರಾಜಾಜಿಯವರು ಮದ್ರಾಸ್ ಸರ್ಕಾರ ನಡೆಸುತ್ತಿದ್ದಾಗ, 1939ರಲ್ಲಿ ದೇವಸ್ಥಾನ ಪ್ರವೇಶದ ಕಾನೂನು ಬಂತು. ಮುಟ್ಟಿದರೆ ಕೆಡುವ ಶುದ್ಧಿ ಎಂಥದು ಎಂಬ ಪ್ರಶ್ನೆ ಹೀಗೆ ನಮ್ಮ ನೆಲದಲ್ಲೂ ಮತ್ತೆ ಮತ್ತೆ ಎದ್ದಿದೆ.

ಪೇತ್ರನ ಕಾಗದದ ಪರಿಶುದ್ಧತೆಗೂ ‘ಬೇರೆಯಾಗಿಟ್ಟದ್ದು’ ಎಂಬ ಹಳೆಯ ಅರ್ಥ ಇದ್ದೇ ಇದೆ. ಆದರೆ ಅದನ್ನು ಎಲ್ಲಿ ತೋರಿಸಬೇಕು ಅನ್ನುತ್ತದೆ ನೋಡಿ: ಎಲ್ಲಾ ನಡತೆಯಲ್ಲಿ. ಮೋಸ, ಕಪಟ, ಹೊಟ್ಟೆಕಿಚ್ಚು, ಚಾಡಿ ಇವನ್ನು ಬಿಡಿ ಅನ್ನುತ್ತದೆ. ಬೈದವನಿಗೆ ಬೈಗುಳ ಕೊಡಬೇಡಿ, ಒಳ್ಳೆಯ ಮಾತು ಹೇಳಿ ಅನ್ನುತ್ತದೆ. ಊರು ಬಿಟ್ಟು ಕಾಡಿಗೆ ಹೋಗಿ ಅನ್ನುವುದಿಲ್ಲ. ನಿಮ್ಮನ್ನು ಅನುಮಾನಿಸುವವರ ಕಣ್ಣೆದುರಿಗೇ ನೆಟ್ಟಗೆ ಬಾಳಿ ಅನ್ನುತ್ತದೆ. ಅನುವಾದಕರು ‘ಮಡಿ’ ಎಂಬ ಪದವನ್ನು ಮುಟ್ಟದೆ ‘ಪರಿಶುದ್ಧ’ ಎಂಬ ಸಂಸ್ಕೃತ ಪದ ಹಿಡಿದದ್ದು ಜಾಣತನ. ಆದರೆ ಅದೂ ನೀರು, ಸೋಪಿನ ಕಡೆಗೇ ಮನಸ್ಸನ್ನು ಎಳೆಯುತ್ತದೆ. ‘ನೆಟ್ಟಗಿನ ನಡತೆ’ ಅಂತ ಮೇಷ್ಟರು ಬಿಡಿಸಿ ಹೇಳದಿದ್ದರೆ ಮಕ್ಕಳಿಗೆ ಅದು ಮುಟ್ಟುವುದು ಕಷ್ಟ.

ಎರಡನೆಯದು ನಿರೀಕ್ಷೆ. ಇದರಲ್ಲಿ ಮಾತ್ರ ಅನುವಾದಕರಿಗೆ ಪೂರ್ತಿ ಅಂಕ ಕೊಡಬೇಕು. ‘ಆಸೆ’ ಅಂತ ಬರೆಯಬಹುದಿತ್ತು. ಆದರೆ ನಮ್ಮಲ್ಲಿ ಆಸೆ ಅಂದರೆ ಬಿಡಬೇಕಾದದ್ದು, ದುಃಖಕ್ಕೆ ಮೂಲ ಅಂತ ಶಾಲೆಯಲ್ಲೇ ಕಲಿತಿದ್ದೇವೆ. ‘ನಿರೀಕ್ಷೆ’ ಅಂದರೆ ಕಣ್ಣಿಟ್ಟು ನೋಡುವುದು, ದಾರಿ ಕಾಯುವುದು. ಕಾಯುವುದು ಅಂದರೆ ಕೈಕಟ್ಟಿ ಕೂರುವುದಲ್ಲ ಎಂಬುದಕ್ಕೆ ಕಾಗದದಲ್ಲೇ ಒಂದು ಚಿತ್ರ ಇದೆ. ನಿರೀಕ್ಷೆ ಇಡಿ ಅನ್ನುವ ಜಾಗದಲ್ಲೇ ಮನಸ್ಸಿನ ಸೊಂಟ ಕಟ್ಟಿಕೊಳ್ಳಿ ಅಂತ ಹೇಳುತ್ತದೆ. ಟೊಂಕ ಕಟ್ಟಿ ನಿಲ್ಲುವುದು ನಮ್ಮದೇ ಮಾತು. ರಾಗಿ ಬಿತ್ತುವವನು ಮಳೆ ಬರುತ್ತದೆ ಅಂತ ಹೊಲ ಉತ್ತು, ಗೊಬ್ಬರ ಹೊಡೆದು, ಬೀಜ ತೆಗೆದಿಟ್ಟುಕೊಂಡು ಆಕಾಶ ನೋಡುತ್ತಾನೆ. ಉಳದೆ ಆಕಾಶ ನೋಡುವವನದು ಬರೀ ಆಸೆ. ಇನ್ನೂ ಒಂದು ಮಾತು ಇದೆ. ನಿಮ್ಮ ನಿರೀಕ್ಷೆಗೆ ಕಾರಣ ಏನು ಅಂತ ಯಾರಾದರೂ ಕೇಳಿದರೆ ಹೇಳಲು ತಯಾರಿರಿ, ಆದರೆ ಸೌಮ್ಯವಾಗಿ ಹೇಳಿ ಅನ್ನುತ್ತದೆ. ನಂಬಿಕೆಯ ಹೆಸರಿನಲ್ಲಿ ಮೈಕ್ ಹಾಕಿ ಕೂಗುವ ಎಲ್ಲಾ ಧರ್ಮದವರೂ ಈ ಮಾತನ್ನು ಗೋಡೆಗೆ ಬರೆಸಿಡಬೇಕು.

ಮೂರನೆಯದು ಕೂಡಿ ಬಾಳುವುದು. ಚರ್ಚಿಗೆ ಕನ್ನಡ ಕ್ರೈಸ್ತರು ‘ಸಭೆ’ ಅನ್ನುತ್ತಾರೆ. ಸಭೆ ಅಂದರೆ ನಮಗೆ ಅಧ್ಯಕ್ಷರು, ಹಾರ, ವಂದನಾರ್ಪಣೆ. ವಿಶೇಷ ಏನಪ್ಪಾ ಅಂದರೆ, ಈ ಕಾಗದದ ಗ್ರೀಕ್ ಮೂಲದಲ್ಲಿ ಸಭೆ ಎಂಬ ಅರ್ಥದ ಆ ಪದವೇ ಬರುವುದಿಲ್ಲ. ಅದರ ಬದಲು ಮನೆ, ಅಣ್ಣತಮ್ಮಂದಿರು, ಕುರಿಹಿಂಡು, ಜೀವವುಳ್ಳ ಕಲ್ಲುಗಳು ಎಂಬ ಮಾತುಗಳಿವೆ. ಊರಿಲ್ಲದ ಜನ ಒಬ್ಬರ ಮೇಲೊಬ್ಬರು ಕೂತ ಕಲ್ಲುಗಳಾಗಿ ಒಂದು ಮನೆ ಆಗುತ್ತಾರೆ. ಗೊಣಗದೆ ಅತಿಥಿ ಸತ್ಕಾರ ಮಾಡಿ ಅನ್ನುತ್ತದೆ. ಆ ‘ಗೊಣಗದೆ’ ಎಂಬ ಒಂದು ಪದದಲ್ಲಿ ಬರೆದವರ ಲೋಕಾನುಭವ ಇದೆ. ಮನೆಗೆ ನೆಂಟರು ಬಂದಾಗ ಅಡುಗೆ ಮನೆಯಲ್ಲಿ ಏನು ಮಾತು ನಡೆಯುತ್ತದೆ ಅಂತ ಅವರಿಗೆ ಚೆನ್ನಾಗಿ ಗೊತ್ತು.

ಆದರೆ ಕಲ್ಲುಗಳಿಂದ ಮನೆಯನ್ನೂ ಕಟ್ಟಬಹುದು, ಅಡ್ಡಗೋಡೆಯನ್ನೂ ಕಟ್ಟಬಹುದು. ನಮ್ಮ ತಮಿಳುನಾಡಿನದೇ ವಡಕ್ಕನ್‌ಕುಳಂ ಚರ್ಚಿನೊಳಗೆ ಜಾತಿ ಜಾತಿಯ ನಡುವೆ ಗೋಡೆ ಇತ್ತು. 1910ರಲ್ಲಿ ಅದನ್ನು ಕೆಡವಿದರು. ಈ ಕಾಗದವನ್ನು ತಲೆಮಾರುಗಳಿಂದ ಓದಿದವರೇ ಆ ಗೋಡೆಯ ಎರಡೂ ಕಡೆ ಕೂರುತ್ತಿದ್ದರು. ಇನ್ನೊಂದು ಕಡೆ, ಮಂಗಳೂರಿನಲ್ಲಿ ಧರ್ಮ ಬದಲಿಸಿ ಜಾತಿಯ ಆಸರೆ, ಕಸುಬು ಎರಡನ್ನೂ ಕಳೆದುಕೊಂಡವರಿಗೆ ಬಾಸೆಲ್ ಮಿಷನ್ ನೇಯ್ಗೆ, ಅಚ್ಚುಕೂಟದ ಕೆಲಸ ಕೊಟ್ಟಿತು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿತು. ನಮ್ಮ ಮನೆಗಳ ಮೇಲಿನ ‘ಮಂಗಳೂರು ಹೆಂಚಿ’ನ ಹಿಂದೆ ಈ ಕಥೆ ಇದೆ. ಕೂಡಿ ಬಾಳುವುದು ಅಂದರೆ ಹಾಡು, ಪ್ರಾರ್ಥನೆ ಮಾತ್ರವಲ್ಲ, ಊಟದ ದಾರಿಯೂ ಹೌದು ಎಂದು ಅವರಿಗೆ ಅರ್ಥವಾಗಿತ್ತು. ಆದರೆ ಕೂಲಿ ಕೊಡುವವರೂ ಉಪದೇಶ ಹೇಳುವವರೂ ಒಬ್ಬರೇ ಆದರೆ ಕೂಲಿಯವನು ಎದುರು ಮಾತಾಡುವುದು ಹೇಗೆ? ಆ ಪ್ರಶ್ನೆಯೂ ಅಲ್ಲೇ ಹುಟ್ಟುತ್ತದೆ.

ಇದೇ ಪ್ರಶ್ನೆ ಕಾಗದದ ಬಗ್ಗೆಯೂ ಏಳುತ್ತದೆ. ಎರಡನೆಯ ಅಧ್ಯಾಯದಲ್ಲಿ, ಯಜಮಾನ ಕೆಟ್ಟವನಾದರೂ ತಗ್ಗಿ ನಡೆಯಿರಿ ಅಂತ ಆಳುಗಳಿಗೆ ಹೇಳುತ್ತದೆ. ಈ ಆಳುಗಳು ಸಂಬಳದವರಲ್ಲ, ಗುಲಾಮರು. ಮೂರನೆಯ ಅಧ್ಯಾಯದಲ್ಲಿ ಹೆಂಡತಿಯರಿಗೂ ಇದೇ ಉಪದೇಶ. ಗಂಡಂದಿರಿಗೆ ಒಂದು ಬುದ್ಧಿಮಾತು ಇದೆ, ಆದರೆ ಗುಲಾಮರ ಯಜಮಾನರಿಗೆ ಒಂದು ಮಾತೂ ಇಲ್ಲ. ಕ್ರಿಸ್ತನೂ ತಪ್ಪಿಲ್ಲದೆ ನೋವು ತಿಂದ ಅಂತ ಸಮಾಧಾನ ಹೇಳುತ್ತದೆ, ಅಷ್ಟೇ. ಸಹಿಸುತ್ತೇನೆ ಅಂತ ನೋವು ತಿನ್ನುವವನು ತನಗೆ ತಾನೇ ಹೇಳಿಕೊಂಡರೆ ಅದು ಧೈರ್ಯ. ಸಹಿಸು ಅಂತ ಹೊಡೆಯುವವನು ಹೇಳಿದರೆ ಅದು ಅನ್ಯಾಯದ ಮೇಲೆ ಅನ್ಯಾಯ. ಅಮೆರಿಕದಲ್ಲಿ ಗುಲಾಮರನ್ನು ಇಟ್ಟುಕೊಂಡವರು ಇಂಥ ಸಾಲುಗಳನ್ನೇ ಓದಿಸುತ್ತಿದ್ದರು. ಇದು ಈ ಬರಹದ ನಿಜವಾದ ಕೊರತೆ, ಭಕ್ತಿಯಿಂದ ಮುಚ್ಚಿಡಬಾರದು.

ಹಾಗಾದರೆ ಈ ಕಾಗದ ತಲುಪಿದ ಸೀಮೆಯಲ್ಲಿ ಜನ ಹೇಗೆ ಬಾಳಿದರು? ನಮ್ಮ ಪುಣ್ಯಕ್ಕೆ ಹೊರಗಿನವರೊಬ್ಬರ ಸಾಕ್ಷಿ ಇದೆ. ಸುಮಾರು 112ರಲ್ಲಿ ಬಿಥೂನ್ಯ, ಪೊಂತ ಸೀಮೆಗಳ ಅಧಿಕಾರಿಯಾಗಿದ್ದ ಪ್ಲಿನಿ, ಚಕ್ರವರ್ತಿ ಟ್ರಾಜನನಿಗೆ ಒಂದು ಕಾಗದ ಬರೆದ. ಕ್ರೈಸ್ತರನ್ನು ಹಿಡಿದು ವಿಚಾರಿಸಿದವನು ಅವನು, ಅವರ ಗೆಳೆಯನಲ್ಲ. ಅವನಿಗೆ ಗೊತ್ತಾದದ್ದು ಇಷ್ಟು: ಅವರು ಗೊತ್ತಾದ ದಿನ ಬೆಳಗಾಗುವ ಮುಂಚೆ ಸೇರಿ ಕ್ರಿಸ್ತನನ್ನು ಹಾಡುತ್ತಾರೆ. ಕಳ್ಳತನ, ದರೋಡೆ, ಹಾದರ ಮಾಡುವುದಿಲ್ಲ, ಕೊಟ್ಟ ಮಾತು ತಪ್ಪುವುದಿಲ್ಲ, ನಂಬಿ ಇಟ್ಟ ಹಣ ಕೇಳಿದಾಗ ಇಲ್ಲ ಅನ್ನುವುದಿಲ್ಲ ಅಂತ ಆಣೆ ಮಾಡುತ್ತಾರೆ. ಆಮೇಲೆ ಮತ್ತೆ ಸೇರಿ ಸಾಮಾನ್ಯ ಊಟ ಮಾಡುತ್ತಾರೆ. ಚೀಟಿ ಹಣ ಕಳೆದುಕೊಂಡು ಅತ್ತವರಿಗೆ ಆ ಆಣೆಯ ಬೆಲೆ ತಿಳಿದೀತು. ಇನ್ನೂ ನಿಜ ಹೊರಡಿಸಬೇಕು ಅಂತ ಪ್ಲಿನಿ ಇಬ್ಬರು ಹೆಂಗಸರಿಗೆ ಚಿತ್ರಹಿಂಸೆ ಕೊಡಿಸಿದ. ಅವರು ಗುಲಾಮರು. ಆದರೆ ಆ ಗುಂಪಿನಲ್ಲಿ ಸೇವಕಿಯರು ಎಂಬ ಹುದ್ದೆಯ ಹೆಸರು ಅವರಿಗಿತ್ತು. ಯಜಮಾನನ ಮನೆಯಲ್ಲಿ ತಲೆ ತಗ್ಗಿಸಿದ ಹೆಂಗಸು ಬೆಳಗಿನ ಜಾವದ ಆ ಕೂಟದಲ್ಲಿ ಜವಾಬ್ದಾರಿಯವಳು. ಕಾಗದ ಬರೆದವರು ಹೇಳಲಾಗದ್ದನ್ನು ಅದನ್ನು ಓದಿದವರ ಸೀಮೆಯ ಜನ ಬಾಳಿ ತೋರಿಸಿದರು.

ಅದಕ್ಕೇ ಈ ಕಾಗದ ಓದಬೇಕು ಅನ್ನುತ್ತೇನೆ, ಕೊರತೆಯ ಸಮೇತ. ನಂಬುವವರು ನಂಬಿ ಓದಲಿ, ನಂಬದವರು ಕನ್ನಡಕ್ಕಾಗಿ ಓದಲಿ. ಮೇಷ್ಟರುಗಳಿಗೆ ಒಂದು ಸಲಹೆ: ಮೊದಲು ‘ಪ್ರವಾಸಿಗಳು’ ಎಂಬ ಪದದ ಹತ್ತಿರ ನಿಲ್ಲಿ. ನಿಮ್ಮ ಬೀದಿಯಲ್ಲಿ ಬಾಡಿಗೆಗಿರುವ ಪರಊರಿನವರು ಯಾರು, ಅವರ ಹೆಸರು ನಿಮಗೆ ಗೊತ್ತೇ ಅಂತ ಮಕ್ಕಳನ್ನು ಕೇಳಿ. ಆ ಪ್ರಶ್ನೆಗೆ ಮಕ್ಕಳು ಉತ್ತರ ಹುಡುಕಿಕೊಂಡು ಬಂದ ಮೇಲೆ ಉಳಿದ ನಾಲ್ಕೂವರೆ ಅಧ್ಯಾಯ ಅರ್ಥವಾಗುವುದು ಕಷ್ಟವಲ್ಲ.