ಹಿಂತೆಗೆದುಕೊಂಡ ಕೃತಿ ಯಾರದು?

ಮಲಯಾಳದ ಪ್ರಸಿದ್ಧ ಕವಿ ಶ್ರೀ ಬಾಲಚಂದ್ರನ್ ಚುಳ್ಳಿಕ್ಕಾಡ್ ಅವರು 2018ರಲ್ಲಿ ಕೊಚ್ಚಿಯಲ್ಲಿ ಪತ್ರಕರ್ತರನ್ನು ಕರೆದು ಒಂದು ಅಪೂರ್ವವಾದ ಬೇಡಿಕೆಯನ್ನು ಮುಂದಿಟ್ಟರು. ತಮ್ಮ ಕವಿತೆಗಳನ್ನು ಶಾಲೆ, ಕಾಲೇಜು, ವಿಶ್ವವಿದ್ಯಾನಿಲಯಗಳ ಪಠ್ಯದಿಂದ ತೆಗೆದುಹಾಕಬೇಕು; ತಮ್ಮ ಕಾವ್ಯವನ್ನು ಕುರಿತು ಸಂಶೋಧನೆ ನಡೆಸಲು ಅನುಮತಿ ಕೊಡಬಾರದು. ಪಠ್ಯದಲ್ಲಿ ಸ್ಥಾನ ದೊರೆಯಲಿಲ್ಲವೆಂದು ಕೊರಗುವ ಕವಿಗಳು ಎಲ್ಲ ಭಾಷೆಗಳಲ್ಲಿಯೂ ಇದ್ದಾರೆ. ದೊರೆತ ಸ್ಥಾನವನ್ನು ಒಲ್ಲೆನೆನ್ನುವವರು ವಿರಳ. ಅವರು ಕೊಟ್ಟ ಕಾರಣಗಳು ಉಪೇಕ್ಷಿಸತಕ್ಕವಲ್ಲ. ಕಾಗುಣಿತದ ದೋಷ, ವ್ಯಾಕರಣದ ದೋಷಗಳನ್ನು ಎಣಿಸದೆ ಅಂಕಗಳನ್ನು ಧಾರಾಳವಾಗಿ ಕೊಟ್ಟು ವಿದ್ಯಾರ್ಥಿಗಳನ್ನು ತೇರ್ಗಡೆ ಮಾಡಲಾಗುತ್ತಿದೆ. ಅಧ್ಯಾಪಕರ ನೇಮಕದಲ್ಲಿ ಲಂಚ, ಜಾತಿ, ಮತ, ರಾಜಕೀಯಗಳು ಕೈಯಾಡಿಸುತ್ತಿವೆ. ಹುರುಳಿಲ್ಲದ ಪ್ರಬಂಧಗಳಿಗೂ ಡಾಕ್ಟರೇಟ್ ಪದವಿ ಸಲ್ಲುತ್ತಿದೆ ಎಂಬುದು ಅವರ ಆಕ್ಷೇಪ. ಕನ್ನಡ ವಾಚಕರಿಗೆ ಇದು ಹೊರನಾಡಿನ ಮಾತೆಂದು ತೋರಲಾರದು.

ಈ ಬೇಡಿಕೆಯಲ್ಲಿ ಎರಡು ಭಾಗಗಳಿವೆ. ಅವನ್ನು ಬೇರೆ ಬೇರೆಯಾಗಿಯೇ ಪರಿಶೀಲಿಸಬೇಕು. ಪಠ್ಯದಲ್ಲಿ ಇರಲಾರೆನೆನ್ನುವುದು ಕವಿಯ ಪ್ರತಿಭಟನೆ, ಅದಕ್ಕೊಂದು ಘನತೆಯಿದೆ. ಆದರೆ ಅದರ ಬೆಲೆಯನ್ನು ತೆರುವವರು ಕವಿ ದೂರಿದ ಅಧಿಕಾರಿಗಳಲ್ಲ. ಎರ್ನಾಕುಳದ ಎದುರಿಗೆ ಹಿನ್ನೀರಿನಲ್ಲಿರುವ ವಲ್ಲಾರ್ಪಾಡಂನಂತಹ ದ್ವೀಪದಿಂದ ಶಾಲೆಗೆ ಹೋಗುವ ಹುಡುಗಿಯನ್ನು ನೆನೆಯೋಣ. ಮನೆಯಲ್ಲಿ ಕವನಸಂಕಲನವಿಲ್ಲದವಳಿಗೆ ಪಠ್ಯಪುಸ್ತಕವೇ ಮೊದಲ ಸಂಕಲನ. ಉಪಾಧ್ಯಾಯರು ಕವಿತೆಯನ್ನು ಕೆಡಿಸಿಯೇ ಹೇಳಿದರೆನ್ನಿ, ಕವಿತೆ ಪುಟದಲ್ಲಿ ಉಳಿದಿರುತ್ತದೆ. ಇನ್ನೊಂದು ಸಂಜೆ ತಾನಾಗಿಯೇ ಓದಿಕೊಂಡಾಳು. ಪುಟದಿಂದಲೇ ತೆಗೆದರೆ ಆ ಅವಕಾಶವೂ ಇಲ್ಲ. ತಿರುವನಂತಪುರದಲ್ಲಿ ಕುಳಿತು ಪಠ್ಯ ರಚಿಸುವವರಿಗಾದರೋ ನಷ್ಟವೇನೂ ಇಲ್ಲ. ಒಬ್ಬ ಕವಿ ಹೋದ ಎಡೆಗೆ ಇನ್ನೊಬ್ಬರು ಬರುತ್ತಾರೆ.

ಎರಡನೆಯ ಭಾಗವನ್ನು ಒಪ್ಪುವುದು ಇನ್ನೂ ಕಷ್ಟ. ಸಂಶೋಧನೆಗೆ ಕರ್ತೃವಿನ ಅನುಮತಿ ಎಂದೂ ಬೇಕಾಗಿರಲಿಲ್ಲ. 1957ರ ಭಾರತೀಯ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮು ಸಂಶೋಧನೆಗೂ ವಿಮರ್ಶೆಗೂ ಕೃತಿಯ ನ್ಯಾಯವಾದ ಬಳಕೆಯನ್ನು ತೆರೆದಿಟ್ಟಿದೆ. 57ನೆಯ ಕಲಮು ಕರ್ತೃವಿನ ಹೆಸರನ್ನೂ ಕೃತಿಯ ಅವಿಕಲತೆಯನ್ನೂ ರಕ್ಷಿಸುತ್ತದೆಯೇ ಹೊರತು ಕೃತಿಯನ್ನು ಲೋಕದಿಂದ ಮರಳಿ ಪಡೆಯುವ ಹಕ್ಕನ್ನು ಕೊಡುವುದಿಲ್ಲ. ಅದೇ ವರ್ಷದ ಫ್ರೆಂಚ್ ಶಾಸನವು ಅಂತಹ ಹಕ್ಕನ್ನು ಕೊಟ್ಟಿತು. ಪ್ರಕಾಶಕನಿಗೆ ನಷ್ಟವನ್ನು ಮೊದಲು ತುಂಬಿಕೊಡಬೇಕೆಂಬ ನಿಬಂಧನೆಯನ್ನೂ ಜೊತೆಗೇ ಇಟ್ಟಿತು. ನಮ್ಮ ಕಾಯಿದೆಯ 31ನೆಯ ಕಲಮಂತೂ ಇದಕ್ಕೆ ವಿರುದ್ಧ ದಿಕ್ಕಿನದು. ಪ್ರಕಟವಾದ ಕೃತಿಯನ್ನು ಸ್ವಾಮ್ಯವುಳ್ಳವನು ಸಾರ್ವಜನಿಕರಿಗೆ ದೊರೆಯದಂತೆ ತಡೆಹಿಡಿದರೆ ಕಡ್ಡಾಯದ ಪರವಾನಗಿಯನ್ನು ಕೋರಲು ಅದು ಎಡೆಗೊಡುತ್ತದೆ.

ಕನ್ನಡದಲ್ಲಿಯೂ ಇಂತಹ ಪ್ರಸಂಗ ಬಂದಿತು. ಕರ್ನಾಟಕದಲ್ಲಿ 2022ರ ಪಠ್ಯಪರಿಷ್ಕರಣೆಯನ್ನು ವಿರೋಧಿಸಿ ಶ್ರೀ ದೇವನೂರ ಮಹಾದೇವ ಅವರು ಹತ್ತನೆಯ ತರಗತಿಯ ತಮ್ಮ ‘ಎದೆಗೆ ಬಿದ್ದ ಅಕ್ಷರ’ ಪಾಠಕ್ಕೆ ಕೊಟ್ಟಿದ್ದ ಒಪ್ಪಿಗೆಯನ್ನು ಹಿಂತೆಗೆದುಕೊಂಡರು. ಡಾ॥ ಜಿ. ರಾಮಕೃಷ್ಣ ಮೊದಲಾದ ಹಲವರು ಅದೇ ದಾರಿಯನ್ನು ಹಿಡಿದರು. ಚುಳ್ಳಿಕ್ಕಾಡ್ ಅವರ ಬೇಡಿಕೆಗೂ ಇದಕ್ಕೂ ಹೋಲಿಕೆಯಿದ್ದರೂ ಭೇದವೇ ಹೆಚ್ಚು ಮುಖ್ಯ. ಇವರು ಓದುವವರನ್ನಾಗಲಿ ಸಂಶೋಧಕರನ್ನಾಗಲಿ ತಡೆಯಲಿಲ್ಲ. ಒಂದು ನಿರ್ದಿಷ್ಟ ಪುಸ್ತಕದೊಳಗೆ, ನಿರ್ದಿಷ್ಟ ನೆರೆಹೊರೆಯಲ್ಲಿ ಇರಲೊಲ್ಲೆವೆಂದರು. ಸಂಕಲನವೆಂಬುದು ಒಂದು ಪಂಕ್ತಿ. ಪಂಕ್ತಿಯಿಂದ ಏಳುವ ಹಕ್ಕು ಕುಳಿತವನಿಗೆ ಇದ್ದೇ ಇದೆ. ಕೃತಿಗಳು ಬೇರೆಡೆಯಲ್ಲಿ ಅಚ್ಚಿನಲ್ಲಿದ್ದುದರಿಂದ ಸಾಹಿತ್ಯಕ್ಕೆ ಊನವಾಗಲಿಲ್ಲ.

ಹಿಂತೆಗೆತವು ತೀರ ಭಿನ್ನವಾದ ರೂಪವನ್ನು ತಾಳಿದುದು 1989ರಲ್ಲಿ, ಧಾರವಾಡದಲ್ಲಿ. ಡಾ॥ ಎಂ. ಎಂ. ಕಲಬುರ್ಗಿಯವರು ‘ಮಾರ್ಗ’ದ ಮೊದಲ ಸಂಪುಟದಲ್ಲಿ ಬಸವಣ್ಣನವರ ಪರಿವಾರವನ್ನೂ ಚನ್ನಬಸವಣ್ಣನವರ ಜನ್ಮವನ್ನೂ ಕುರಿತು ಮಂಡಿಸಿದ ಊಹೆಗಳನ್ನು ಒತ್ತಡಕ್ಕೆ ಒಳಗಾಗಿ ಹಿಂತೆಗೆದುಕೊಳ್ಳಬೇಕಾಯಿತು. ಅದನ್ನು ಅವರು ತಮ್ಮ ಬೌದ್ಧಿಕ ಆತ್ಮಹತ್ಯೆಯೆಂದೇ ಬಗೆದಿದ್ದರು. ಇಲ್ಲಿ ಹಿಂತೆಗೆದವರು ಕರ್ತೃವೆಂದು ದಾಖಲೆ ಹೇಳುತ್ತದೆ, ತೆಗೆಸಿದವರು ಬೇರೆ. ಇದನ್ನು ಕರ್ತೃವಿನ ಸ್ವಾತಂತ್ರ್ಯವೆಂದು ಎಣಿಸುವುದು ಅನ್ಯಾಯ. ಅದಕ್ಕಿಂತ ಸೂಕ್ಷ್ಮವಾದ ಹಾನಿ ಇನ್ನೊಂದುಂಟು. ಆ ಊಹೆಗಳ ಖಂಡನೆಗಾಗಿ ಬರೆದ ಬರಹಗಳು ಹಾಗೆಯೇ ಉಳಿದವು. ಪೂರ್ವಪಕ್ಷವನ್ನು ತೆಗೆದು ಸಿದ್ಧಾಂತವನ್ನು ಮಾತ್ರ ಉಳಿಸಿದರೆ ಮುಂದಿನ ವಿದ್ಯಾರ್ಥಿಯು ಯಾವ ಮಾತಿಗೆ ಈ ಉತ್ತರವೆಂದು ತಿಳಿಯದೆ, ಉತ್ತರಿಸಿದವನು ಹೇಳಿದಷ್ಟನ್ನೇ ನಂಬಬೇಕಾಗುತ್ತದೆ. ಸಂವಾದದಲ್ಲಿ ಆಡಿದ ಮಾತು ಆಡಿದವನೊಬ್ಬನ ಸೊತ್ತಾಗಿ ಉಳಿಯುವುದಿಲ್ಲ. ಅದನ್ನು ಆಧರಿಸಿಯೋ ಅಲ್ಲಗಳೆದೋ ಮಾತನಾಡಿದವರಿಗೂ ಅದರಲ್ಲಿ ಪಾಲುಂಟು.

ಮೂಲವಿಲ್ಲದೆ ಉಲ್ಲೇಖಗಳಿಂದಲೇ ಕವಿಯನ್ನು ಅರಿಯುವ ಕಷ್ಟ ಕನ್ನಡಿಗರಿಗೆ ಹೊಸದಲ್ಲ. ಒಂದನೆಯ ಗುಣವರ್ಮನ ‘ಶೂದ್ರಕ’, ‘ಹರಿವಂಶ’ಗಳು ದೊರೆತಿಲ್ಲ, ಇತರರು ಉದ್ಧರಿಸಿದ ಬಿಡಿ ಪದ್ಯಗಳೇ ಅವನನ್ನು ಅರಿಯಲು ಆಧಾರ. ‘ಕವಿರಾಜಮಾರ್ಗ’ವು ಹೆಸರಿಸುವ ವಿಮಲ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತರಂತೂ ನಮಗೆ ಹೆಸರುಗಳಷ್ಟೆ. ಅದು ಕಾಲವು ಮಾಡಿದ ಕೆಲಸ. ಅದನ್ನೇ ಕೈಯಾರೆ ಮಾಡಿಕೊಳ್ಳುವುದು ವಿಚಿತ್ರ. ಆಡನ್ ಕವಿಯು 1939ರ ಸೆಪ್ಟೆಂಬರ್ 1ನೆಯ ದಿನವನ್ನು ಕುರಿತ ತನ್ನ ಪ್ರಸಿದ್ಧ ಕವಿತೆಯನ್ನು 1966ರ ಸಂಗ್ರಹದಿಂದ ಕೈಬಿಟ್ಟನು, ಓದುಗರು ಕೈಬಿಡಲಿಲ್ಲ. 2001ರ ನ್ಯೂಯಾರ್ಕ್ ದುರಂತದ ನಂತರ ಜನರು ಅದನ್ನೇ ಹುಡುಕಿ ಓದಿದರು.

ಲೆಕ್ಕ ಬರೆಯುವವರಲ್ಲಿ ಒಂದು ಒಳ್ಳೆಯ ಪದ್ಧತಿಯಿದೆ. ಕೀರ್ದಿಯಲ್ಲಿ ತಪ್ಪು ನಮೂದು ಬಿದ್ದರೆ ಅದನ್ನು ಕೆರೆದು ಅಳಿಸುವುದಿಲ್ಲ. ಇನ್ನೊಂದು ನಮೂದಿನಿಂದ ರದ್ದುಪಡಿಸುತ್ತಾರೆ. ಮೊದಲಿನದೂ ಓದಲು ಸಿಗುತ್ತದೆ, ರದ್ದಾದ ದಿನವೂ ಕಾಣುತ್ತದೆ. ವಿದ್ವತ್ಪತ್ರಿಕೆಗಳೂ ಪಠ್ಯಸಂಪಾದಕರೂ ಇಷ್ಟನ್ನಾದರೂ ಮಾಡಬಹುದು. 2022ರಲ್ಲಿ ಹಾಗಾಗಲಿಲ್ಲ. ಲೇಖಕರು ಒಪ್ಪಿಗೆಯನ್ನು ಹಿಂತೆಗೆದುಕೊಳ್ಳುವ ವೇಳೆಗೆ ಅಚ್ಚಿನ ಕೆಲಸ ಬಹುಪಾಲು ಮುಗಿದಿತ್ತು. ಆ ಪಾಠಗಳನ್ನು ಬೋಧಿಸಬಾರದು, ಮೌಲ್ಯಮಾಪನಕ್ಕೆ ಪರಿಗಣಿಸಬಾರದು ಎಂದು ಇಲಾಖೆಯು ಆಮೇಲೆ ಸೂಚಿಸಿತು. ಪಾಠವು ಪುಸ್ತಕದಲ್ಲಿದ್ದು ತರಗತಿಯಲ್ಲಿ ಇಲ್ಲದಂತಾಯಿತು. ಆ ಮುದ್ರಣದ ಒಂದು ಪ್ರತಿಯನ್ನು ಇಲಾಖೆಯ ಸೂಚನೆಯೊಡನೆ ಕಟ್ಟಿ ಎತ್ತಿಡುವ ಕೆಲಸವನ್ನು ನಮ್ಮ ಗ್ರಂಥಾಲಯಗಳು ಈಗಲೇ ಮಾಡಬೇಕು. ಪಠ್ಯಪುಸ್ತಕಗಳು ರದ್ದಿಗೆ ಹೋಗುವುದು ಬಹು ಬೇಗ.